ಒಂದು ಸೆಕೆಂಡಿನ ಮೇಷ್ಟ್ರು

"ನಂದು ಭಾಷಣ ಅಲ್ಲ ಸಾರ್, ಏನಿದ್ರೂ ಚರ್ಚೆ. ಮಕ್ಕಳ ಬಾಯಿಂದಲೇ ಪಾಠ ಹೊರಡಿಸ್ತೀನಿ" ಎನ್ನುವ ಮೇಷ್ಟ್ರು ನಮ್ಮ ಪ್ರತಿಯೊಂದು ಶಾಲೆಯಲ್ಲೂ ಒಬ್ಬರಾದರೂ ಇದ್ದೇ ಇರುತ್ತಾರೆ. ಅವರ ಮಾತು ಪೂರ್ತಿ ಸುಳ್ಳೂ ಅಲ್ಲ. ಜಗಲಿಯಲ್ಲಿ ನಿಂತು ಕಿವಿಗೊಟ್ಟರೆ ಮಕ್ಕಳ ಬಾಯಿ ಬೇಕಾದಷ್ಟು ಕೇಳಿಸುತ್ತದೆ. ಗೋವಿನ ಹಾಡಿನ ಪಾಠ ನಡೆದಿದೆ ಎನ್ನಿ. "ಪುಣ್ಯಕೋಟಿ ಎಂಥಾ ಹಸು? ಸತ್ಯ...?" ಎಂದು ಮೇಷ್ಟ್ರು ರಾಗ ಎಳೆದು ನಿಲ್ಲಿಸುತ್ತಾರೆ. "ವಂತೇ!" ಎಂದು ಅರವತ್ತು ಕೊರಳು ಒಟ್ಟಿಗೆ ಹೆಂಚು ಹಾರಿಸುತ್ತವೆ. "ಹುಲಿ ಹೆಸರೇನು? ಅರ್ಬು...?" "ತಾ!" ಪದವನ್ನು ನಡುವೆ ಕೊಯ್ದು, ತಲೆಯನ್ನು ತಾವಿಟ್ಟುಕೊಂಡು ಬಾಲವನ್ನು ಮಕ್ಕಳಿಗೆ ಹಂಚುವ ಈ ವಿದ್ಯೆಗೆ ಮೇಷ್ಟ್ರು ಇಟ್ಟಿರುವ ಹೆಸರು ಚರ್ಚೆ. ಪ್ರಕೃತಿ ಮೇಷ್ಟ್ರದು, ಪ್ರತ್ಯಯ ಮಕ್ಕಳದು. ಕೊನೆಗೆ "ಅರ್ಥ ಆಯ್ತಾ?" ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ "ಆಯ್ತೂ ಸಾರ್" ಅಲ್ಲದೆ ಬೇರೆ ಉತ್ತರ ಈ ನಾಡಿನಲ್ಲಿ ಇನ್ನೂ ಹುಟ್ಟಿಲ್ಲ.

ಇದನ್ನು ಸೋಮಾರಿತನ ಎಂದು ತಳ್ಳಿಹಾಕಿದರೆ ಅನ್ಯಾಯವಾಗುತ್ತದೆ. ಈ ಮೇಷ್ಟ್ರು ಶಾಲೆಯಲ್ಲೇ ಅತಿ ಹೆಚ್ಚು ಬೆವರು ಸುರಿಸುವವರು. ಮಧ್ಯಾಹ್ನದ ಹೊತ್ತಿಗೆ ಗಂಟಲು ಕಟ್ಟಿ, ಸಂಜೆ ಮನೆಯಲ್ಲಿ ಮೆಣಸಿನ ಕಷಾಯ ಕುಡಿಯುವವರು. ಅವರ ಕಷ್ಟದ ಮೂಲ ಬೇರೆ ಇದೆ, ಮತ್ತು ಅದು ಅವರೊಬ್ಬರದೇ ಅಲ್ಲ. ಅಮೆರಿಕದಲ್ಲಿ ಮೇರಿ ಬಡ್ ರೋ ಎಂಬ ವಿಜ್ಞಾನ ಶಿಕ್ಷಣದ ಸಂಶೋಧಕಿ ತರಗತಿಗಳ ಮಾತನ್ನು ಟೇಪಿನಲ್ಲಿ ಹಿಡಿದು ಅಳೆದರು. 1974ರಲ್ಲಿ ಪ್ರಕಟವಾದ ಆ ಲೆಕ್ಕದ ಪ್ರಕಾರ, ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸರಾಸರಿ ಕಾಯುವುದು ಸುಮಾರು ಒಂದು ಸೆಕೆಂಡು. ಅಷ್ಟರಲ್ಲಿ ಉತ್ತರ ಬಾರದಿದ್ದರೆ ಇನ್ನೊಂದು ಪ್ರಶ್ನೆ, ಇಲ್ಲವೇ ಇನ್ನೊಬ್ಬ ಹುಡುಗ, ಅದೂ ಇಲ್ಲವೆಂದರೆ ತಮ್ಮದೇ ಉತ್ತರ. ಕಾಯುವ ಹೊತ್ತನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, "ಗೊತ್ತಿಲ್ಲ" ಎನ್ನುವುದು ಕಡಿಮೆಯಾಯಿತು, ಬಾಯಿ ಬಿಡದವರೂ ಬಿಟ್ಟರು, ಮಕ್ಕಳೇ ಪ್ರಶ್ನೆ ಕೇಳುವುದೂ ಶುರುವಾಯಿತು. ರೋ ಅವರಿಗೆ ಸಿಕ್ಕ ಇನ್ನೊಂದು ಸಂಗತಿ ಸ್ವಲ್ಪ ಚುಚ್ಚುವಂಥದ್ದು: ಜಾಣರೆಂದು ತಾವೇ ಗುರುತು ಹಾಕಿಕೊಂಡ ಮಕ್ಕಳಿಗಾಗಿ ಶಿಕ್ಷಕರು ಹೆಚ್ಚು ಹೊತ್ತು ಕಾಯುತ್ತಿದ್ದರು, ದಡ್ಡರೆಂದುಕೊಂಡವರಿಗಾಗಿ ಕಡಿಮೆ. ಯಾರಿಗೆ ಸಮಯ ಹೆಚ್ಚು ಬೇಕೋ ಅವರಿಗೇ ರೇಷನ್ ಕಡಿತ. ನಮ್ಮ ಮೇಷ್ಟ್ರಿಗೆ ಈ ಸಂಶೋಧನೆ ಗೊತ್ತಿಲ್ಲದೆ ಇರಬಹುದು. ಆದರೆ ಮೊದಲ ಬೆಂಚಿನ ತುದಿಯಲ್ಲಿ ಕೂತ, ಪ್ರಶ್ನೆ ಮುಗಿಯುವ ಮೊದಲೇ ಅರ್ಧ ಎದ್ದು ನಿಂತಿರುವ ಹುಡುಗಿ ಗೊತ್ತು. ಇಡೀ ತರಗತಿಗೆ ಅರ್ಥವಾಗಿದೆ ಎಂಬುದಕ್ಕೆ ಅವಳೇ ಅವರ ಏಕೈಕ ಸಾಕ್ಷಿ.

ಹಾಗಾದರೆ ಮೇಷ್ಟ್ರು ಹೆದರುವುದು ಯಾವುದಕ್ಕೆ? ಮೌನಕ್ಕೆ, ಮತ್ತು ಮೌನ ಮುಗಿದ ಮೇಲೆ ಬರಬಹುದಾದ, ತಮ್ಮ ನೋಟ್ಸಿನಲ್ಲಿ ಇಲ್ಲದ ಉತ್ತರಕ್ಕೆ. ಈ ಭಯಕ್ಕೆ ತರಬೇತಿ ಸಿಕ್ಕಿರುವುದು ಬಿ.ಎಡ್. ಕಾಲದಲ್ಲೇ. ಆ ಪಾಠ ಯೋಜನೆಯ ಹಾಳೆಯನ್ನು ಒಮ್ಮೆ ನೋಡಬೇಕು: ಸ್ಕೇಲಿಟ್ಟು ಗೆರೆ ಎಳೆದು, ಒಂದು ಕಡೆ ಶಿಕ್ಷಕರ ಚಟುವಟಿಕೆ, ಇನ್ನೊಂದು ಕಡೆ ವಿದ್ಯಾರ್ಥಿಗಳ ಚಟುವಟಿಕೆ. ಎಡಗಡೆ "ಪ್ರಶ್ನಿಸುವರು" ಎಂದಿದ್ದರೆ ಬಲಗಡೆ ಮಕ್ಕಳ ಉತ್ತರವೂ ಹಿಂದಿನ ರಾತ್ರಿಯೇ ಬರೆದಾಗಿರುತ್ತದೆ. ಪೀಠಿಕೆಯ ಕೊನೆಯದು ಸಮಸ್ಯಾತ್ಮಕ ಪ್ರಶ್ನೆ. ಅದರ ಎದುರು ಉತ್ತರದ ಜಾಗದಲ್ಲಿ ಒಂದು ಅಡ್ಡಗೆರೆ. ಅಂದರೆ ಮಕ್ಕಳಿಗೆ ಉತ್ತರ ಗೊತ್ತಿರಬಾರದು. ಯಾವನಾದರೂ ಹುಡುಗ ಎದ್ದು ಅದನ್ನೂ ಹೇಳಿಬಿಟ್ಟರೆ, ಪಾಠದ ಹೆಸರನ್ನು ಬೋರ್ಡಿನ ಮೇಲೆ ಬರೆಯಲು ಸೀಮೆಸುಣ್ಣ ಎತ್ತಿದ್ದ ಕೈ ಗಾಳಿಯಲ್ಲೇ ನಿಂತುಬಿಡುತ್ತದೆ. ಬರ್ಮಿಂಗ್ಹ್ಯಾಮಿನ ಸಿಂಕ್ಲೇರ್ ಮತ್ತು ಕುಲ್ತಾರ್ಡ್ ಎಂಬ ಭಾಷಾವಿಜ್ಞಾನಿಗಳು 1975ರಲ್ಲೇ ತೋರಿಸಿದಂತೆ ತರಗತಿಯ ಮಾತಿಗೆ ಮೂರೇ ಹೆಜ್ಜೆ: ಮೇಷ್ಟ್ರ ಪ್ರಶ್ನೆ, ಹುಡುಗನ ಉತ್ತರ, ಮೇಷ್ಟ್ರ ತೀರ್ಪು. ಶಾಲೆಯ ಕಾಂಪೌಂಡ್ ದಾಟಿದರೆ ಈ ಲಯ ಎಷ್ಟು ವಿಚಿತ್ರ ಎನ್ನುವುದು ತಿಳಿಯುತ್ತದೆ. ಬಸ್ ನಿಲ್ದಾಣದಲ್ಲಿ ನೀವು "ಈ ಬಸ್ ಎಲ್ಲಿಗೆ ಹೋಗುತ್ತೆ?" ಎಂದು ಕೇಳಿ, ಕಂಡಕ್ಟರು "ತುಮಕೂರಿಗೆ" ಎಂದಾಗ "ವೆರಿ ಗುಡ್, ಕೂತ್ಕೋ" ಎಂದು ನೋಡಿ.

ಚರ್ಚೆಗೆ ತಯಾರಿ ಬೇಡ, ಬಾಯಿಗೆ ಬಂದದ್ದು ಕೇಳಿದರೆ ಸಾಕು ಎಂದು ಇದರಿಂದ ತಿಳಿಯಬಾರದು. ತಯಾರಿ ಭಾಷಣಕ್ಕಿಂತ ಹೆಚ್ಚೇ ಬೇಕು, ಆದರೆ ಅದು ಉತ್ತರದ ತಯಾರಿಯಲ್ಲ, ಪ್ರಶ್ನೆಯ ತಯಾರಿ. ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದದ್ದು ಯಾವ ವರ್ಷ ಎಂದು ಕೇಳಿ ಮೂರು ಸೆಕೆಂಡಲ್ಲ, ಮೂರು ದಿನ ಕಾದರೂ ಪ್ರಯೋಜನವಿಲ್ಲ. 1973 ಎಂದು ಗೊತ್ತಿದ್ದವನು ಹೇಳುತ್ತಾನೆ, ಗೊತ್ತಿಲ್ಲದವನು ಕಿಟಕಿ ನೋಡುತ್ತಾನೆ. ಗೋವಿನ ಹಾಡಿನಲ್ಲೇ ಹುಡುಕಿ, ಎಷ್ಟು ಒಳ್ಳೆಯ ಪ್ರಶ್ನೆಗಳು ಮೇಯಲು ಬಿಟ್ಟ ಹಾಗೆ ಬಿದ್ದಿವೆ. ಪುಣ್ಯಕೋಟಿ ಹುಲಿಗೆ ಕೊಟ್ಟ ಮಾತು ಉಳಿಸಿಕೊಂಡಳು, ಸರಿ. ಕರುವಿನ ಕಡೆಯಿಂದ ನೋಡಿದರೂ ಅದು ಸರಿಯೇ? ತಬ್ಬಲಿಯನ್ನು ನಿಮ್ಮದೆಂದು ನೋಡಿಕೊಳ್ಳಿ ಎಂದು ಉಳಿದ ಹಸುಗಳಿಗೆ ಒಪ್ಪಿಸುತ್ತಾಳಲ್ಲ, ಆ ಹಸುಗಳಲ್ಲಿ ಒಂದಾದರೂ ಹೋಗಬೇಡ ಎಂದು ತಡೆಯಬೇಕಿತ್ತೇ? ಏಳು ದಿನ ಹಸಿದಿದ್ದ ಹುಲಿ ಹಸುವನ್ನು ಹಿಡಿದದ್ದು ತಪ್ಪೇ, ಹುಲಿಯ ಸ್ವಭಾವವೇ? ತಪ್ಪಲ್ಲದಿದ್ದರೆ ಅದು ಹಾರಿ ನೆಗೆದು ಪ್ರಾಣ ಬಿಟ್ಟದ್ದೇಕೆ? ಇವುಗಳಲ್ಲಿ ಯಾವುದೊಂದಕ್ಕೂ ಮೇಷ್ಟ್ರ ಜೇಬಿನಲ್ಲಿ ಸಿದ್ಧ ಉತ್ತರವಿಲ್ಲ, ಗುಣ ಇರುವುದೇ ಅಲ್ಲಿ. ಮನೆಯ ಕೊಟ್ಟಿಗೆಯಲ್ಲಿ ಹಸು ಕಟ್ಟಿರುವ ಕೊನೆಯ ಬೆಂಚಿನ ಹುಡುಗನಿಗೆ ಈ ವಿಷಯದಲ್ಲಿ ಮೊದಲ ಬೆಂಚಿಗಿಂತ ಹೆಚ್ಚು ಗೊತ್ತು. ಕರು ಹಾಕಿದ ಹಸುವಿನ ಹತ್ತಿರ ಹೋದರೆ ಏನಾಗುತ್ತದೆ ಎಂಬ ಗುರುತು ಅವನ ಮೊಣಕಾಲಿನ ಮೇಲೇ ಇರುತ್ತದೆ. ಆದರೆ ಅವನು "ಹುಲಿಗೂ ಮರಿ ಇತ್ತಾ ಸಾ?" ಎಂದರೆ ಒಂದು ಸೆಕೆಂಡಿನ ಮೇಷ್ಟ್ರು ಕೊಡುವ ಉತ್ತರ ಒಂದೇ: "ಅದು ಪರೀಕ್ಷೆಗೆ ಬರಲ್ಲ, ಕೂತ್ಕೋ."

ಇಲ್ಲಿ ಮೇಷ್ಟ್ರ ತಕರಾರುಗಳನ್ನೂ ಕೇಳಬೇಕು. ಮೊದಲನೆಯದು, "ನಲವತ್ತು ನಿಮಿಷದ ಪಿರಿಯಡ್, ಅರವತ್ತು ಮಕ್ಕಳು, ಪೋರ್ಷನ್ ಮುಗಿಸೋದು ಯಾರು?" ಲೆಕ್ಕವನ್ನೇ ಹಾಕೋಣ. ಹತ್ತು ಪ್ರಶ್ನೆಗೆ ಎರಡೆರಡು ಸೆಕೆಂಡು ಹೆಚ್ಚಿಗೆ ಕಾದರೆ ಖರ್ಚು ಇಪ್ಪತ್ತು ಸೆಕೆಂಡು. ಹಾಜರಿ ಕೂಗುವಾಗ "ಪ್ರೆಸೆಂಟ್ ಸಾರ್" ಮತ್ತು "ಎಸ್ ಸಾರ್" ಇವುಗಳಲ್ಲಿ ಯಾವುದು ಸರಿ ಎಂದು ತಿದ್ದುವುದಕ್ಕೆ ಇದಕ್ಕಿಂತ ಹೆಚ್ಚು ಹೋಗುತ್ತದೆ. ಅರವತ್ತು ಮಂದಿ ಒಬ್ಬೊಬ್ಬರಾಗಿ ಒಂದೊಂದು ನಿಮಿಷ ಮಾತಾಡಿದರೆ ಒಂದು ಗಂಟೆ ಬೇಕು, ನಿಜ. ಪಕ್ಕದವನ ಜೊತೆ ಮಾತಾಡಿ ಎಂದರೆ ಅದೇ ಕೆಲಸ ಎರಡು ನಿಮಿಷದ್ದು. ಎರಡನೆಯ ತಕರಾರು, "ನಮ್ಮ ಮಕ್ಕಳು ಮಾತೇ ಆಡಲ್ಲ ಸಾರ್." ಮಕ್ಕಳು ಬಹಳ ಚೆನ್ನಾಗಿ ಕಲಿತಿರುವ ಪಾಠ ಇದೊಂದೇ: ಒಂದು ಕ್ಷಣ ತಲೆ ತಗ್ಗಿಸಿ ಕೂತರೆ ಮೇಷ್ಟ್ರೇ ಉತ್ತರ ಹೇಳುತ್ತಾರೆ. ಪರೀಕ್ಷೆಯ ನೆಪ ಸ್ವಲ್ಪ ಗಟ್ಟಿ. ಪಠ್ಯಪುಸ್ತಕವೇ ಪಾಠದ ಕೊನೆಗೆ "ಚರ್ಚಿಸಿ", "ನಿಮ್ಮ ಅಭಿಪ್ರಾಯ ತಿಳಿಸಿ" ಎಂದು ಬೇಡಿಕೊಳ್ಳುತ್ತದೆ. ಆದರೆ ಅಂಗಡಿಯ ಗೈಡಿನಲ್ಲಿ ನಿಮ್ಮ ಅಭಿಪ್ರಾಯವೂ ಅಚ್ಚಾಗಿ, ಐದು ಸಾಲಿನಲ್ಲಿ, ಸಿದ್ಧವಾಗಿ ಸಿಗುತ್ತದೆ. ಇನ್ನು ಗಲಾಟೆಯ ಮಾತು. ಇದನ್ನು ನಾನು ಮನಸಾರೆ ಒಪ್ಪುತ್ತೇನೆ. ಅರವತ್ತು ಮಕ್ಕಳು ಜೋಡಿ ಜೋಡಿಯಾಗಿ ಹುಲಿಯ ನ್ಯಾಯ ಮಾಡುವಾಗ ಸಂತೆಯ ಸದ್ದು ಬರುತ್ತದೆ, ಜಗಲಿಯಲ್ಲಿ ಹೆಡ್‌ಮಾಸ್ಟರ ಚಪ್ಪಲಿ ನಿಲ್ಲುತ್ತದೆ, ಮತ್ತು ನಮ್ಮಲ್ಲಿ ಒಳ್ಳೆಯ ತರಗತಿ ಎಂದರೆ ಫ್ಯಾನಿನ ಸದ್ದು ಕೇಳುವ ತರಗತಿ. ಇದು ಮೇಷ್ಟ್ರೊಬ್ಬರು ತೀರಿಸಬಹುದಾದ ಸಾಲವಲ್ಲ.

ಮೇಲಿನವರು ಕಲಿಸಿಕೊಟ್ಟ ಚರ್ಚೆಯೂ ಒಂದಿದೆ. ತಾಲ್ಲೂಕಿನ ಸಂಪನ್ಮೂಲ ಕೇಂದ್ರವಾದ ಬಿ.ಆರ್.ಸಿ.ಯಲ್ಲಿ ಶಿಕ್ಷಕರ ತರಬೇತಿ. ಒಂದು, ಎರಡು, ಮೂರು ಎಂದು ಎಣಿಸಿ ಗುಂಪು ಮಾಡುತ್ತಾರೆ. ಗುಂಪುಗಳಿಗೆ ಕಾವೇರಿ, ತುಂಗಾ, ಶರಾವತಿ ಎಂದೆಲ್ಲ ಹೆಸರು. ಪ್ರತಿ ನದಿಗೂ ಒಂದು ಚಾರ್ಟು, ಎರಡು ಸ್ಕೆಚ್ ಪೆನ್ನು. ಅಕ್ಷರ ದುಂಡಗಿರುವವರು ಬರೆಯುತ್ತಾರೆ, ಉಳಿದವರು ಡಿ.ಎ. ಲೆಕ್ಕ ಹಾಕುತ್ತಾರೆ, ಟೀ ಬರುತ್ತದೆ, ಐದೂ ಗುಂಪಿನ ನಾಯಕರು ಎದ್ದು ಒಂದೇ ವಿಷಯವನ್ನು ಐದು ಬಣ್ಣದಲ್ಲಿ ಮಂಡಿಸುತ್ತಾರೆ, ಚಪ್ಪಾಳೆ. ಮರುವಾರ ಶಾಲೆಯಲ್ಲೂ ಕಾವೇರಿ, ತುಂಗಾ, ಶರಾವತಿ ಹರಿಯುತ್ತವೆ. ಕೇಳಿದ ಪ್ರಶ್ನೆ ಮಾತ್ರ "ಪುಣ್ಯಕೋಟಿಯಿಂದ ನಾವು ಕಲಿಯಬೇಕಾದ ನೀತಿ ಯಾವುದು?" ಎಂಬುದೇ. ಆರು ಜನ ತಲೆಗೆ ತಲೆ ಸೇರಿಸಿ ಕಂಡುಹಿಡಿಯುವಂಥದ್ದು ಅದರಲ್ಲಿ ಏನಿದೆ? ಇದೇ ಮೇಷ್ಟ್ರು ಬಸವ ಜಯಂತಿಯ ದಿನ ಅನುಭವ ಮಂಟಪದ ಬಗ್ಗೆ ಭಾವುಕರಾಗುತ್ತಾರೆ. ಹನ್ನೆರಡನೆಯ ಶತಮಾನದಲ್ಲೇ ನಮ್ಮಲ್ಲಿ ಯಾರು ಯಾರನ್ನು ಬೇಕಾದರೂ ಪ್ರಶ್ನೆ ಮಾಡಬಹುದಿತ್ತು, ಅಲ್ಲಮ ಕೇಳಿದ ಪ್ರಶ್ನೆಗಳಿಗೆ ಅಕ್ಕಮಹಾದೇವಿ ಎದುರು ನಿಂತು ಉತ್ತರ ಕೊಟ್ಟಳು ಎಂದು ಬಿಸಿಲಿನಲ್ಲಿ ಸಾಲಾಗಿ ನಿಂತ ಮಕ್ಕಳಿಗೆ ಒಂದೂವರೆ ಗಂಟೆ, ಒಂದೂ ಪ್ರಶ್ನೆಗೆ ಆಸ್ಪದ ಕೊಡದೆ, ಹೇಳುತ್ತಾರೆ.

ಮೇಷ್ಟ್ರಿಗೆ ಚರ್ಚೆ ಬರುವುದಿಲ್ಲ ಎಂದು ಯಾರಾದರೂ ಅಂದುಕೊಂಡರೆ ಅಂಥವರು ಸ್ಟಾಫ್ ರೂಮಿಗೆ ಬರಬೇಕು. ಅಲ್ಲಿನ ವಿಷಯ ಪಿಂಚಣಿ: 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದವರಿಗೆ ಎನ್.ಪಿ.ಎಸ್. ಎಂಬ ಹೊಸ ಪಿಂಚಣಿ, ಅದಕ್ಕೆ ಮುಂಚಿನವರಿಗೆ ಹಳೆಯದು. ಒಂದೇ ಮೇಜಿನ ಎರಡು ಬದಿಗೆ ಎರಡು ಪಕ್ಷಗಳು. "ಅಲ್ಲಾ, ನನಗೊಂದು ಅರ್ಥ ಆಗ್ತಿಲ್ಲ" ಎಂದು ನಮ್ಮ ಮೇಷ್ಟ್ರು ಶುರು ಮಾಡುತ್ತಾರೆ. ಉತ್ತರ ಅವರಿಗೆ ನಿಜವಾಗಿಯೂ ಗೊತ್ತಿಲ್ಲ, ಆದ್ದರಿಂದ ಕಾಯುತ್ತಾರೆ. ಮೂರು ಸೆಕೆಂಡಲ್ಲ, ಚಟ್ನಿ ಪುಡಿಯ ಡಬ್ಬಿ ಮೇಜಿನ ಈ ತುದಿಯಿಂದ ಆ ತುದಿಗೆ ಹೋಗಿ ಬರುವವರೆಗೆ ಕಾಯುತ್ತಾರೆ. ಗಣಿತದವರು ಲೆಕ್ಕ ತೆಗೆಯುತ್ತಾರೆ, ಇತಿಹಾಸದವರು ಹಳೆಯ ಸುತ್ತೋಲೆ ನೆನಪಿಸುತ್ತಾರೆ, ಯಾವತ್ತೂ ಬಾಯಿ ಬಿಡದ ಡ್ರಾಯಿಂಗ್ ಮೇಷ್ಟ್ರು ಮೂಲೆಯಿಂದ ಒಂದು ಮಾತು ಎಸೆದು ಎಲ್ಲರ ವಾದವನ್ನೂ ಬುಡಮೇಲು ಮಾಡುತ್ತಾರೆ. ಯಾರೂ ಯಾರಿಗೂ "ವೆರಿ ಗುಡ್" ಎನ್ನುವುದಿಲ್ಲ. "ಅದು ಹೌದಲ್ಲ, ನಾನು ಹಾಗೆ ಯೋಚನೆ ಮಾಡಿರಲೇ ಇಲ್ಲ" ಎಂದು ನಮ್ಮ ಮೇಷ್ಟ್ರೇ ಒಪ್ಪಿಕೊಳ್ಳುತ್ತಾರೆ. ಅಷ್ಟರಲ್ಲಿ ಗಂಟೆ ಹೊಡೆಯುತ್ತದೆ. ಮನಸ್ಸಿಲ್ಲದ ಮನಸ್ಸಿನಿಂದ ಕೈ ತೊಳೆದು, ಡಸ್ಟರ್ ಎತ್ತಿಕೊಂಡು, ಜಗಲಿ ದಾಟಿ ಒಳಗೆ ಕಾಲಿಡುತ್ತಾರೆ. ಅರವತ್ತು ಮಕ್ಕಳು ಎದ್ದು ನಿಂತು ಕೂರುತ್ತಾರೆ.

"ಎಲ್ಲಿಗೆ ನಿಲ್ಲಿಸಿದ್ವಿ? ಹಾಂ. ಪುಣ್ಯ...?"

"ಕೋಟೀ!"