‘ಅಡ್ಜಸ್ಟ್’ ಧಾತು ವಿಚಾರ

ಪೀಠಿಕೆ: ‘ಅಡ್ಜಸ್ಟ್’ ಎಂಬುದು ಇಂಗ್ಲಿಷಿನ ಬಡಪಾಯಿ ಕ್ರಿಯಾಪದ. ಅಲ್ಲಿ ಗಡಿಯಾರದ ಮುಳ್ಳು, ಕಾರಿನ ಕನ್ನಡಿ, ಕೊರಳಿನ ಟೈ ಅದರ ಕರ್ಮಪದಗಳು. ಕರ್ನಾಟಕಕ್ಕೆ ಬಂದ ಮೇಲೆ ಮನುಷ್ಯನೇ ಅದರ ಕರ್ಮ.

ವ್ಯುತ್ಪತ್ತಿ: ಇಲ್ಲಿ ಎರಡು ಪಂಥಗಳಿವೆ. ಲ್ಯಾಟಿನ್ನಿನ ‘ಯುಸ್ತುಸ್’, ಅಂದರೆ ನ್ಯಾಯಯುತ, ಇದರ ಮೂಲವೆಂಬುದು ಹಳೆಯ ತಪ್ಪು ಕಲ್ಪನೆ. ‘ಯುಕ್ಸ್ತಾ’, ಅಂದರೆ ಹತ್ತಿರ, ಎಂಬುದರಿಂದ ಹುಟ್ಟಿ ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂತೆಂಬುದು ಭಾಷಾಶಾಸ್ತ್ರದ ನಿರ್ಣಯ. ಬಸ್ಸಿನ ಮೂವರ ಸೀಟಿನಲ್ಲಿ ಕುಳಿತ ಮೂವರು ಈಗಲೂ ನ್ಯಾಯಪಂಥದವರು. ನಿಂತಿರುವ ನಾಲ್ಕನೆಯವರು ಸಾಮೀಪ್ಯಪಂಥದವರು. ‘ಯುಕ್ಸ್ತಾ’ ಸಂಸ್ಕೃತದ ‘ಯುಜ್’ ಧಾತುವಿನ ದಾಯಾದಿ. ಆದ್ದರಿಂದ ನಾಲ್ವರೂ ಕೂತ ಮೇಲೆ ಒದಗುವ ಭಂಗಿಯನ್ನು ಯೋಗವೆನ್ನಲು ಅಡ್ಡಿಯಿಲ್ಲ.

ರೂಪ: ಯೋಚನೆ ‘ಯೋಚಿಸು’ ಆಯಿತು, ಭಾವ ‘ಭಾವಿಸು’ ಆಯಿತು. ‘ಅಡ್ಜಸ್ಟಿಸು’ ಮಾತ್ರ ಆಗಲಿಲ್ಲ. ಊರಿಗೆಲ್ಲ ಹೊಂದಿಕೊಳ್ಳಲು ಹೇಳುವ ಶಬ್ದ ತಾನು ‘ಇಸು’ ಪ್ರತ್ಯಯಕ್ಕೆ ಹೊಂದಿಕೊಳ್ಳದೆ ‘ಮಾಡು’ವಿನ ಹೆಗಲೇರಿ ಕೂತಿದೆ.

ಇನ್ನು ‘ಮಾಡ್ಕೊಳ್ಳಿ’. ‘ಕೊಳ್ಳು’ ಸೇರಿದರೆ ಕ್ರಿಯೆಯ ಫಲ ಸಾಮಾನ್ಯವಾಗಿ ಕರ್ತೃವಿಗೆ: ಮನೆ ಕಟ್ಟಿಕೊಂಡ, ಊಟ ಬಡಿಸಿಕೊಂಡ. ‘ಅಡ್ಜಸ್ಟ್ ಮಾಡ್ಕೊಳ್ಳಿ’ ಎಂಬಲ್ಲಿ ಫಲ ಹೇಳಿದವನಿಗೆ, ಕರ್ತೃವಿಗೆ ಸೊಂಟನೋವು. ಇದಕ್ಕೆ ಸೂತ್ರ ಹುಡುಕೋಣವೆಂದರೆ ಕೇಶಿರಾಜನ ವ್ಯಾಕರಣ ‘ಶಬ್ದಮಣಿದರ್ಪಣ’ ಹದಿಮೂರನೆಯ ಶತಮಾನದ್ದು. ಆಗ ಬಸ್ಸಿರಲಿಲ್ಲವಾದ್ದರಿಂದ ಆತನನ್ನು ದೂರುವಂತಿಲ್ಲ.

ಉಪಪದ: ‘ಸ್ವಲ್ಪ’ ಇಲ್ಲದೆ ಈ ಧಾತು ಮನೆಬಿಟ್ಟು ಹೊರಡುವುದಿಲ್ಲ. ಅದರ ಪರಿಮಾಣ ಸಂದರ್ಭಾಧೀನ. ಬಸ್ಸಿನಲ್ಲಿ ಅರ್ಧ ಸೀಟು. ಅಂಗಡಿಯಲ್ಲಿ ಎರಡು ರೂಪಾಯಿ ಚಿಲ್ಲರೆ. ಬಾಡಿಗೆ ಮನೆಯಲ್ಲಿ ದಿನ ಬಿಟ್ಟು ದಿನ ನೀರು. ಮದುವೆ ಛತ್ರದಲ್ಲಿ ನಾಲ್ಕು ಮಂದಿಯ ಕೋಣೆಗೆ ಹದಿನಾಲ್ಕು ಮಂದಿ. ಹೊಸ ಸೊಸೆಗೆ “ಸ್ವಲ್ಪ ಅಡ್ಜಸ್ಟ್ ಮಾಡ್ಕೋಮ್ಮ” ಎಂದಾಗ ಇಡೀ ಆಯುಷ್ಯ.

ಪುರುಷ: ಈ ಧಾತು ಬಹುತೇಕ ಮಧ್ಯಮ ಪುರುಷದಲ್ಲೇ ವಾಸಿಸುತ್ತದೆ: ನೀವು ಮಾಡ್ಕೊಳ್ಳಿ, ನೀನು ಮಾಡ್ಕೋ. ‘ನಾನು ಮಾಡ್ಕೊಳ್ತೀನಿ’ ಎಂಬ ಉತ್ತಮ ಪುರುಷ ರೂಪ ಅತಿ ವಿರಳ. ಸಿಕ್ಕರೂ ಎದುರಿಗಿರುವವರು ಸಾಮಾನ್ಯವಾಗಿ ಮನೆ ಓನರ್ ಅಥವಾ ಮೇಲಧಿಕಾರಿ.

ಸಿದ್ಧಾಂತ: ಕನ್ನಡದಲ್ಲಿ ಅಡ್ಜಸ್ಟ್ ಎಂದರೆ ಒಬ್ಬರು ಹೇಳುವ, ಇನ್ನೊಬ್ಬರು ಮಾಡುವ ಕ್ರಿಯೆ. ಆದ್ದರಿಂದ ವೈಯಾಕರಣರಲ್ಲಿ ಒಂದು ಬಿನ್ನಹ: ಈ ಧಾತುವನ್ನು ಮಧ್ಯಮ ಪುರುಷದಲ್ಲಿ ಬಳಸಲು ಬಯಸುವವರು, ಅದನ್ನು ಒಮ್ಮೆಯಾದರೂ ಉತ್ತಮ ಪುರುಷದಲ್ಲಿ ನಡೆಸಿ ತೋರಿಸಿರತಕ್ಕದ್ದು ಎಂದು ಸೂತ್ರ ಬರೆಯಿರಿ.