ಎರಡು ತೂತಿನ ಟಿನ್ನು

ಆಚೆಮನೆ ಮೇಷ್ಟ್ರ ಕಾರು ಅಂತೂ ನಿಲ್ಲೋದನ್ನ ನಿಲ್ಲಿಸಿದೆ. ಅದೇ, ರಿಟೈರಾದ ಮೇಲೆ ಬೆಂಗಳೂರಿಂದ ತಂದರಲ್ಲ, ಹಳೇ ಝೆನ್ನು, ಕಾರ್ಬುರೇಟರ್ ಕಾಲದ್ದು, ಆಟೊಮ್ಯಾಟಿಕ್ಕು. ಝೆನ್ 1993ರಲ್ಲಿ ಬಂದದ್ದು. ಆಟೊಮ್ಯಾಟಿಕ್ಕು ಆಮೇಲಿನ ಸಂತಾನ. ಮೂರೇ ಗೇರು, ಅದೂ ತಾನಾಗೇ ಬದಲಾಯಿಸಿಕೊಳ್ಳುತ್ತೆ. ಎಡಗಾಲು ಮಡಚಿಕೊಂಡು ಮೇಷ್ಟ್ರು ಸ್ಟೇರಿಂಗ್ ಹಿಡಿದು ಕೂತರೆ ಜಗಲಿ ಮೇಲೆ ಪೇಪರ್ ಓದ್ತಿದ್ದಾರೇನೋ ಅನ್ನಿಸೋದು.

ಮೊದಲು ನಿಂತದ್ದು ನಮ್ಮ ಚಳ್ಳಕೆರೆಯ ನೆಹರು ಸರ್ಕಲ್ಲಿನಲ್ಲಿ. ನಮ್ಮ ಜನ ಗೊತ್ತಲ್ಲ, ಯಾವ ಕಾರು ನಿಂತರೂ ತೋಳು ಮಡಚಿ ಬಂದುಬಿಡ್ತಾರೆ. ಅಂಬಾಸಿಡರ್ ತಳ್ಳಿ ತಳ್ಳಿ ಬೆಳೆದ ಊರು ಇದು. ಐದು ಜನ ಸೇರಿ ಬಸ್ ಸ್ಟ್ಯಾಂಡಿನ ತನಕ ತಳ್ಳಿದರೂ ಅದು ಗುಟುರು ಸಹ ಹಾಕಲಿಲ್ಲ. ಹಾಕೋದು ಹೆಂಗೆ? ಆಟೊಮ್ಯಾಟಿಕ್ಕಿನ ಗೇರ್‌ಬಾಕ್ಸಿನೊಳಗೆ ಹಿಡಿತ ಬರಬೇಕಾದರೆ ಆಯಿಲಿಗೆ ಒತ್ತಡ ಬೇಕು, ಒತ್ತಡ ಕೊಡೋ ಪಂಪು ತಿರುಗಬೇಕಾದರೆ ಇಂಜಿನ್ ತಿರುಗಬೇಕು. ಚಕ್ರ ಎಷ್ಟು ತಿರುಗಿದರೇನು, ಆ ಸುದ್ದಿ ಇಂಜಿನ್ನಿಗೆ ಮುಟ್ಟೋದೇ ಇಲ್ಲ. ತಳ್ಳಿದವರಿಗೆಲ್ಲ ಮೇಷ್ಟ್ರು ಟೀ ಕುಡಿಸಿದರು. ಆ ಟೀ ಮುಗಿಯೋ ಹೊತ್ತಿಗೆ ಕಾರು ಒಂದೇ ಕೀಗೆ ಸ್ಟಾರ್ಟ್ ಆಯ್ತು, ಏನಂತೀರಿ!

ಆಮೇಲೆ ಮೊಳಕಾಲ್ಮುರು ಪ್ರಯಾಣ. ಮೊಮ್ಮಗಳ ಮದುವೆಗೆ ಮೊಳಕಾಲ್ಮುರು ಸೀರೆಯೇ ಆಗಬೇಕು, ಅದೂ ಮಗ್ಗದ ಮನೆಯಿಂದಲೇ ತರಬೇಕು ಅಂತ ಮೇಷ್ಟ್ರ ಹೆಂಡತಿ ಟೀಚರಮ್ಮನ ಹಟ. ನನ್ನನ್ನೂ ಕೂರಿಸಿಕೊಂಡು ಹೊರಟಿದ್ದು ಎರಡು ಸಲ, ಎರಡು ಸಲವೂ ತಳುಕಿನ ಹತ್ತಿರ ಏದುಸಿರು ಬಿಟ್ಟು ನಿಂತಿತು. ಮೇಷ್ಟ್ರಿಗೆ ತಳುಕಿನಲ್ಲಿ ನಿಂತರೆ ಬೇಜಾರೇನೂ ಇಲ್ಲ ಬಿಡಿ. ಹುಣಸೆ ಮರದ ನೆರಳಲ್ಲಿ ನಿಂತು, ವೆಂಕಣ್ಣಯ್ಯನವರ ಊರು ಕಣಯ್ಯ ಇದು, ಕುವೆಂಪು ರಾಮಾಯಣ ದರ್ಶನಂ ಅರ್ಪಿಸಿದ್ದು ಯಾರಿಗೆ ಹೇಳು, ತ.ರಾ.ಸು. ಯಾರ ತಮ್ಮನ ಮಗ ಹೇಳು ಅಂತ ನನ್ನನ್ನೇ ಬೆಂಚಿನ ಮೇಲೆ ನಿಲ್ಲಿಸಿಬಿಟ್ಟರು. ಟೀಚರಮ್ಮ ಮಾತ್ರ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ, "ಮೊದಲು ಕಾರು ಎಬ್ಬಿಸಿ, ಆಮೇಲೆ ಪಾಠ" ಅಂದರು.

ಬಿಸಿಲಿಗೆ ಪೆಟ್ರೋಲು ಪೈಪಿನಲ್ಲೇ ಆವಿಯಾಗಿರಬೇಕು ಅಂತ ನನ್ನ ಪಾಂಡಿತ್ಯ. ಚಳ್ಳಕೆರೆ ಏಪ್ರಿಲ್ಲು, ತಪ್ಪೇನಿದೆ ಹೇಳಿ? ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿದೆ. ಅರ್ಧ ಗಂಟೆಗೆ ಸ್ಟಾರ್ಟ್ ಆಯ್ತು. ನಾನು ಮೀಸೆ ತಿರುವಿದೆ. ಬಟ್ಟೆ ಹಾಕದೆ ಸುಮ್ಮನೆ ಅರ್ಧ ಗಂಟೆ ಕೂತಿದ್ದರೂ ಆಗುತ್ತಿತ್ತು ಅನ್ನೋದು ಆಗ ಯಾರಿಗೆ ಹೊಳೀಬೇಕು? ಊರಲ್ಲಿ ಒಬ್ಬರು ಕಾಯಿಲ್ ಬದಲಾಯಿಸಿ ಅಂದರು, ಇನ್ನೊಬ್ಬರು ಪ್ಲಗ್ಗು, ಮತ್ತೊಬ್ಬರು ಈಗಿನ ಎಥನಾಲ್ ಪೆಟ್ರೋಲಿನ ಮೇಲೆ ಗೂಬೆ ಕೂರಿಸಿದರು. ಮೇಷ್ಟ್ರು ಕಾಯಿಲೂ ಹಾಕಿಸಿದರು, ಪ್ಲಗ್ಗೂ ಹಾಕಿಸಿದರು.

ಮೂರನೇ ಸಲ ಬಿ.ಜಿ. ಕೆರೆ ದಾಟಿ ಹಾನಗಲ್ ತನಕ ಹೋಗಿ ನಿಂತಿತು. ಅಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡೋ ಹುಡುಗ. ಬಾನೆಟ್ಟು ಎತ್ತಲೇ ಇಲ್ಲ ಪುಣ್ಯಾತ್ಮ. "ಯಾವಾಗ ನಿಲ್ತೈತೆ ಮೇಷ್ಟ್ರೇ? ಸ್ವಿಚ್ ಆರಿಸಿದಂಗೆ ಪಟ್ ಅಂತ ಹೋಗ್ತೈತೋ, ಎಣ್ಣೆ ತೀರಿದ ಲಾಟೀನಿನಂಗೆ ತೂಗಿ ತೂಗಿ ಹೋಗ್ತೈತೋ?" ಲಾಟೀನೇ ಅಂದರು ಮೇಷ್ಟ್ರು. ಪಟ್ ಅಂದರೆ ಕರೆಂಟು, ತೂಗಿದರೆ ಪೆಟ್ರೋಲು, ಅಷ್ಟೇ ಅವನ ಶಾಸ್ತ್ರ. ಹಿಂದಕ್ಕೆ ಹೋಗಿ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತಿರುಗಿಸಿದ. "ಉಸ್ಸ್..." ಅಂತ ಗಾಳಿ ಒಳಗೆ ನುಗ್ಗಿತು ನೋಡಿ, ನಾಲ್ಕು ಮಾರು ದೂರದಲ್ಲಿದ್ದ ನನಗೂ ಕೇಳಿಸ್ತು.

ಹಳೇ ಮುಚ್ಚಳವನ್ನು ಯಾವುದೋ ಬಂಕಿನಲ್ಲಿ ಮರೆತು ಬಂದಿದ್ದರಂತೆ. ಅಂಗಡಿಯವನು ಅಳತೆಗೆ ಕೂತ ಯಾವುದನ್ನೋ ಕೊಟ್ಟಿದ್ದ. ಅದರಲ್ಲಿ ಗಾಳಿ ಹೋಗೋ ದಾರಿಯೇ ಇಲ್ಲ. ಪೆಟ್ರೋಲು ಖರ್ಚಾದಷ್ಟೂ ಗಾಳಿ ಒಳಗೆ ಬರಬೇಕಲ್ವಾ? ಬರದಿದ್ದರೆ ಟ್ಯಾಂಕು ಉಸಿರು ಬಿಗಿಹಿಡಿದು ಕೂತುಬಿಡುತ್ತೆ, ಪಂಪು ಎಷ್ಟು ಎಳೆದರೂ ಪೆಟ್ರೋಲು ಬಿಡೋದಿಲ್ಲ. ಅರ್ಧ ಗಂಟೆ ಬಿಟ್ಟರೆ ಸಂದುಗೊಂದಿನಿಂದ ಗಾಳಿ ನುಸುಳಿ ಸರಿಯಾಗುತ್ತೆ. ಕಾರಿನ ತಪ್ಪೇ ಅಲ್ಲ, ಪಾಪ. ನನ್ನ ಒದ್ದೆ ಬಟ್ಟೆಯ ಮಹಿಮೆಯೂ ಅಷ್ಟೇ.

ನಾಚಿಕೆಯಾದದ್ದು ಇನ್ನೊಂದಕ್ಕೆ. ನಾವು ಎಣ್ಣೆ ಮಿಲ್ಲಿನ ಊರಿನವರು! ಹದಿನೈದು ಕೆ.ಜಿ. ಶೇಂಗಾ ಎಣ್ಣೆ ಟಿನ್ನಿಗೆ ಒಂದೇ ತೂತು ಹಾಕಿದರೆ ಏನಾಗುತ್ತೆ ಅಂತ ಇಲ್ಲಿನ ಯಾವ ಮಗುವನ್ನು ಕೇಳಿದರೂ ಹೇಳುತ್ತೆ. ಗುಳುಕ್ ಗುಳುಕ್ ಅಂತ ಒಂದಿಷ್ಟು ಬಂದು ನಿಂತುಹೋಗುತ್ತೆ. ಚಿಕ್ಕವನಿದ್ದಾಗ ನಾನೂ ಹಾಗೆ ಒಂದೇ ತೂತು ಹೊಡೆದು, ಟಿನ್ನು ಅಲ್ಲಾಡಿಸಿ, ಅಡುಗೆಮನೆ ತುಂಬಾ ಎಣ್ಣೆ ಚೆಲ್ಲಿ, ಅಜ್ಜಿಯ ಕೈಲಿ ಸೌಟಿನ ಏಟು ತಿಂದವನು. ಎದುರು ಮೂಲೆಗೆ ಇನ್ನೊಂದು ತೂತು ಹಾಕೋ ಅಂತ ಅಜ್ಜಿ ಹೇಳಿಕೊಟ್ಟಿದ್ದು ಕಾರಿನ ಮುಂದೆ ನೆನಪಾಗಬೇಡವೇ?

ಹಾಂ, ಸರ್ಕಲ್ಲಿನಲ್ಲಿ ನಿಂತದ್ದು ಬೇರೆ ಕಾಯಿಲೆ. ಬ್ರೇಕ್ ಹಿಡಿದು ಗೇರನ್ನು ಡಿ, ಅಂದರೆ ಡ್ರೈವ್‌ನಲ್ಲೇ ಬಿಟ್ಟರೆ ಗೇರ್‌ಬಾಕ್ಸಿನ ಭಾರ ಇಂಜಿನ್ ಮೇಲೆ ಬಿದ್ದೇ ಇರುತ್ತೆ. ಕಾರ್ಬುರೇಟರಿಗೆ ಹೋಗೋ ಒಂದು ಸಣ್ಣ ರಬ್ಬರ್ ಪೈಪು ಮುಪ್ಪಿಗೆ ಸೀಳಿ ಕಳ್ಳಗಾಳಿ ಎಳೆದುಕೊಳ್ಳುತ್ತಿತ್ತು, ಆ ಭಾರ ತಡೆಯಲಾರದೆ ಇಂಜಿನ್ನು ಆರಿಹೋಗುತ್ತಿತ್ತು. ಹುಡುಗ ಪಕ್ಕದ ದಾಳಿಂಬೆ ತೋಟದಿಂದ ಡ್ರಿಪ್ ಪೈಪಿನ ತುಂಡು ತಂದು ಸಿಕ್ಕಿಸಿ, "ಒಂದು ವಾರ ಬತ್ತೈತೆ, ಅಷ್ಟರಲ್ಲಿ ಒರಿಜಿನಲ್ ಹಾಕ್ಸಿ" ಅಂದಿದ್ದ. ಮದುವೆ ಮುಗಿದು, ಮೊಮ್ಮಗಳು ಮೊನ್ನೆ ತವರಿಗೂ ಬಂದು ಹೋದಳು. ಡ್ರಿಪ್ ಪೈಪು ಅಲ್ಲೇ ಇದೆ. ಬಾನೆಟ್ಟಿಗೆ ಯಾರಾದರೂ ಕೈ ಹಾಕಿದರೆ ಮೇಷ್ಟ್ರು ಕಾಂಪೌಂಡಿನ ಈಚೆಗೇ ಕೇಳಿಸೋ ಹಾಗೆ ಗದರ್ತಾರೆ. ನೀವೂ ಕೇಳಿರ್ತೀರಿ, ಅಲ್ವಾ?