ಕರೆಂಟು ಹೋದರೆ ಭದ್ರಾವತಿ ಬರುತ್ತದೆ

ನಮ್ಮ ಶಿಕಾರಿಪುರದ ಕಡೆ ಕರೆಂಟು ಹೋದಾಗ ಖುಷಿಪಡುವವನು ನಾನೊಬ್ಬನೇ ಇರಬೇಕು. ಕೇರಿಗೆ ಕೇರಿಯೇ ಗೊಣಗುತ್ತಿರುವಾಗ ನಾನು ಬ್ಯಾಟರಿಯ ಮೇಲೆ ನಡೆಯುವ ಲ್ಯಾಪ್‌ಟಾಪಿನತ್ತ ಓಡುತ್ತೇನೆ. ಅದಕ್ಕೆ ಸಿಕ್ಕಿಸಿದ ಬೆರಳುದ್ದದ ಡಾಂಗಲ್ಲೇ ನನ್ನ ರೇಡಿಯೋ. ಟಿವಿ ನೋಡಲೆಂದು ಮಾಡಿದ ಈ ವಸ್ತು ಬೇರೆ ತರಂಗಗಳನ್ನೂ ಹಿಡಿಯುತ್ತದೆಂದು 2012ರ ಹೊತ್ತಿಗೆ ಹವ್ಯಾಸಿಗಳು ಕಂಡುಕೊಂಡರು. ಮೀಡಿಯಂ ವೇವ್ ಕೇಳಿಸುವ ಮಾದರಿಗಳು ಆಮೇಲೆ ಬಂದವು. ಇದರಲ್ಲಿ ತಿರುಗಿಸುವ ಕಿವಿ ಇಲ್ಲ, ಮುಳ್ಳಿಲ್ಲ. ಎಲ್ಲವೂ ಸಾಫ್ಟ್‌ವೇರಿನ ಕೆಲಸ.

ಅಪ್ಪನ ಚರ್ಮದ ಚೀಲದ ರೇಡಿಯೋದಲ್ಲಿ 675 ಕಿಲೋಹರ್ಟ್ಸ್‌ನ ಭದ್ರಾವತಿ ಆಕಾಶವಾಣಿ ಕೊಟ್ಟಿಗೆಯವರೆಗೂ ಕೇಳುತ್ತಿತ್ತು. ನನ್ನದರಲ್ಲಿ ಬರೀ ಗೊರ್ರ್. ಆಗ ಮನೆಯಲ್ಲಿದ್ದದ್ದು ಎರಡು ಬುರುಡೆ ಬಲ್ಬು. ಈಗ ಎಲ್‌ಇಡಿ, ಚಾರ್ಜರು, ವೈಫೈ ಡಬ್ಬಿ, ಇನ್‌ವರ್ಟರು. ಇವುಗಳ ಹೊಟ್ಟೆಯೊಳಗೆ ಕರೆಂಟನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸುವ ಸರ್ಕೀಟು ಇರುತ್ತದೆ. ಆ ಕತ್ತರಿಯ ಗದ್ದಲ ಎರಡರಷ್ಟು, ಮೂರರಷ್ಟು, ಹತ್ತರಷ್ಟು ಆವರ್ತನಗಳಲ್ಲೂ ಎದ್ದು, ಪರದೆಯ ಮೇಲೆ ಸಾಲುನಾಟಿ ಮಾಡಿದ ಗದ್ದೆಯ ಹಾಗೆ ಕಾಣುತ್ತದೆ.

ಸದ್ದು ಅಳಿಸುವ ಬಟನ್ನು ಸಾಫ್ಟ್‌ವೇರಿನಲ್ಲೇ ಇದೆಯಲ್ಲ ಎನ್ನಬಹುದು. ಇದೆ. ಒತ್ತಿದರೆ ಗೊರಗೊರ ನಿಲ್ಲುತ್ತದೆ, ಜೊತೆಗೆ ಸ, ಶ, ಷಗಳೂ ಕೊಚ್ಚಿಹೋಗುತ್ತವೆ. ಆ ಅಕ್ಷರಗಳೂ ಬರೀ ಸುಯ್ಯೆನ್ನುವ ಗಾಳಿಯೇ ತಾನೆ, ಯಂತ್ರಕ್ಕೇನು ಗೊತ್ತು? ಜೋರಾಗಿ ಒತ್ತಿದ ದಿನ ಸುದ್ದಿಯಲ್ಲಿ ನಮ್ಮೂರು ‘ಇಕಾರಿಪುರ’, ಪಕ್ಕದ ತಾಲೂಕು ‘ಒರಬ’.

ಹಾಗಾಗಿ ಸದ್ದನ್ನು ಅದು ಹುಟ್ಟುವಲ್ಲೇ ಹಿಡಿಯಬೇಕು. ಒಂದೊಂದೇ ಸ್ವಿಚ್ ಆರಿಸುತ್ತ ಅಡುಗೆಮನೆಗೆ ಬಂದೆ. "ಲೈಟ್ ಯಾಕೋ ಆರಿಸ್ದೆ? ರೊಟ್ಟಿ ಸೀದ್ರೆ ನೀನೇ ತಿನ್ನು" ಎಂದಳು ಅವ್ವ. ಆ ಬಲ್ಬಿಗೆ ಮಾಫಿ. ಚಾರ್ಜರಿನ ವೈರನ್ನು ಕಪ್ಪು ಫೆರೈಟ್ ಉಂಗುರಕ್ಕೆ ಏಳೆಂಟು ಸುತ್ತು ಸುತ್ತಿದೆ. ಅರ್ಧ ಗದ್ದಲ ಇಳಿಯಿತು. ಮರದ ಚೌಕಟ್ಟಿಗೆ ತಂತಿ ಸುತ್ತಿ ಲೂಪ್ ಆಂಟೆನಾ ಮಾಡಿಕೊಂಡೆ. ಅದನ್ನು ತಿರುಗಿಸುತ್ತ ಹೋದರೆ ಒಂದು ದಿಕ್ಕಿನ ಸದ್ದು ಅಡಗುತ್ತದೆ, ಕಳ್ಳ ಯಾವ ಕಡೆ ಎಂದೂ ತಿಳಿಯುತ್ತದೆ.

ಅಮೆರಿಕದ ಬೆಲ್ ಪ್ರಯೋಗಾಲಯದ ಕಾರ್ಲ್ ಜಾನ್ಸ್ಕಿಯೂ ಹೀಗೇ ತಿರುಗುವ ಆಂಟೆನಾ ಕಟ್ಟಿ ಸಾಗರದಾಚೆಯ ಟೆಲಿಫೋನಿಗೆ ಅಡ್ಡಬರುವ ಸದ್ದು ಹುಡುಕುತ್ತಿದ್ದ. ಹತ್ತಿರದ ಗುಡುಗು, ದೂರದ ಗುಡುಗು ಎಂದು ಬೇರ್ಪಡಿಸಿದ ಮೇಲೂ ಉಳಿದ ಸಣ್ಣ ಸುಯ್ಯಿಗೆ ಮೂಲ ಆಕಾಶಗಂಗೆಯ ನಡುಭಾಗ ಎಂದು 1933ರಲ್ಲಿ ಹೇಳಿದ. ನನ್ನ ಹುಡುಕಾಟ ಅಷ್ಟು ದೂರ ಹೋಗಲಿಲ್ಲ, ಪಕ್ಕದ ಮೆಕ್ಕೆಜೋಳದ ಹೊಲದಲ್ಲೇ ನಿಂತಿತು.

ಸೆಕೆಂಡಿಗೊಂದು ಟಕ್. ಹಂದಿಗೆ ಹಾಕಿದ ಸೋಲಾರ್ ಬೇಲಿ! ಹೊಲದವರಿಗೆ ಹೇಳಿದೆ. "ಬೇಲಿ ಬಂದ್ ಮಾಡ್ತೀನಿ, ರಾತ್ರಿ ಹಂದಿ ಕಾಯಾಕ ನೀವ್ ಬರ್ತೀರೇನ್ರೀ?" ಎಂದರು. ನಾನು ತೆಪ್ಪಗೆ ಬಂದು ನಾಯ್ಸ್ ಬ್ಲ್ಯಾಂಕರ್ ಹಾಕಿಕೊಂಡೆ. ಟಕ್ ಎನ್ನುವ ಆ ಕ್ಷಣವನ್ನಷ್ಟೇ ಕತ್ತರಿಸಿ ಎಸೆಯುವ ಉಪಾಯ ಅದು. ಇಷ್ಟು ಚಿಕ್ಕ ತೂತು ಕಿವಿಗೆ ತಿಳಿಯುವುದಿಲ್ಲ.

ಆದರೆ ಸರಿಯಾಗಿರುವ ಬೇಲಿ ಇಷ್ಟು ಜೋರಾಗಿ ಟಕ್ ಎನ್ನುವುದಿಲ್ಲ. ಇನ್ಸುಲೇಟರ್ ಒಡೆದಲ್ಲೋ ಹಸಿ ಹುಲ್ಲು ತಾಗಿದಲ್ಲೋ ಕಿಡಿ ಹಾರುತ್ತಿರುತ್ತದೆ. ಅಪ್ಪನ ರೇಡಿಯೋ ಹಿಡಿದು ಬೇಲಿಯುದ್ದಕ್ಕೂ ನಡೆದೆ. ಟಕ್ ತಾರಕಕ್ಕೇರಿದ ಕಂಬದಲ್ಲಿ ಇನ್ಸುಲೇಟರ್ ಸೀಳಿತ್ತು. ಈಗ ಬೇಲಿ ಶಾಕ್ ಹೊಡೆಯದಿದ್ದರೆ ನನಗೇ ಫೋನು. ಮೊನ್ನೆ ಸೊರಬ ರಸ್ತೆಯ ತೋಟದವರೊಬ್ಬರು ಫೀಸೆಷ್ಟು ಎಂದು ಕೇಳಿದರು. ಒಂದು ಬಾಳೆಗೊನೆ ಎಂದಿದ್ದೇನೆ, ಎರಡು ಚಿಪ್ಪಿಗೆ ಇಳಿಸಲು ನೋಡುತ್ತಿದ್ದಾರೆ.